ಬಿದರಿ ಹೂಜಿಯ ಚೀಟಿ

ನಾನು ಆ ಅರಮನೆಗೆ ಹೋದದ್ದು ಚಂದ ನೋಡುವುದಕ್ಕಲ್ಲ, ಅಲ್ಲಿ ಅಂಟಿಸಿದ್ದ ಒಂದು ಚೀಟಿಯನ್ನು ಬದಲಾಯಿಸಿ ಎಂದು ಅರ್ಜಿ ಕೊಡುವುದಕ್ಕೆ. ಅರ್ಜಿಯನ್ನು ಮೂರು ಸಲ ತಿದ್ದಿ ಬರೆದು, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು, ಒಂದು ಭಾನುವಾರ ಬೆಳಿಗ್ಗೆ ನ್ಯಾಮತಿಯಲ್ಲಿ ಹೊನ್ನಾಳಿಯ ಬಸ್ಸು ಹತ್ತಿದೆ. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಬೆನ್ನಿಗೊಂದು ಒಲೆ ಕಟ್ಟಿಕೊಂಡ ಆ ಬಸ್ಸು ಏರು ಬಂದಲ್ಲೆಲ್ಲ ನಿಂತುಬಿಡುತ್ತಿತ್ತು. ಜನ ಇಳಿದು, ಒಬ್ಬರನ್ನೊಬ್ಬರು ಛೇಡಿಸಿಕೊಂಡು ನಗುತ್ತ ತಳ್ಳಿದರು. ನಾನೂ ತಳ್ಳಿದೆ, ನಗು ಮಾತ್ರ ಬರಲಿಲ್ಲ. ಮೊದಲಿನಿಂದಲೂ ನಾನು ಸ್ವಲ್ಪ ಸಿಡುಕ. ಒಂಟಿ ಬದುಕು ಅದನ್ನು ಇನ್ನಷ್ಟು ಹೆಚ್ಚಿಸಿತ್ತು.

ಆಗ ನಾನು ನ್ಯಾಮತಿಯ ಶಾಲೆಯಲ್ಲಿ ಮೇಷ್ಟ್ರು. ಅದಕ್ಕೆ ಮೊದಲು ಆರು ವರ್ಷ ಜಗಳೂರಿನಲ್ಲಿದ್ದೆ. ಮದುವೆಯಾದ ಎರಡನೇ ವರ್ಷಕ್ಕೇ ಹೆಂಡತಿ ಅಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ಮತ್ತೊಂದು ಮದುವೆಯ ಮಾತೆತ್ತಿದವರ ಮೇಲೆ ರೇಗಿದೆ. ಆಮೇಲೆ ಯಾರೂ ಎತ್ತಲಿಲ್ಲ. ನ್ಯಾಮತಿಯಲ್ಲಿ ಒಬ್ಬ ರಾಗಿ ವ್ಯಾಪಾರಿಯ ಮನೆಯ ಹಿಂದಿನ ಕೋಣೆ ನನ್ನದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸೋಮವಾರದವರೆಗೆ ಯಾರೊಡನೆಯೂ ಒಂದು ಮಾತಾಡುವ ಪ್ರಮೇಯ ಬರುತ್ತಿರಲಿಲ್ಲ. ಸೋಮವಾರ ಹಾಜರಿ ಕರೆಯುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಚೀಟಿಯ ಸುದ್ದಿ ತಂದವರು ನನ್ನ ಜೊತೆಯ ಮೇಷ್ಟ್ರು. ಹೊನ್ನಾಳಿಯಿಂದ ಹೊಳೆಯ ದಂಡೆ ಹಿಡಿದು ಒಂದೂವರೆ ಗಂಟೆ ನಡೆದರೆ ತುಂಗಭದ್ರೆಯ ಮೇಲೊಂದು ಪಾಳೇಗಾರರ ಕಾಲದ ಅರಮನೆ. ವಂಶದ ಹಿರಿಯರು ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಅಲ್ಲಿನ ಕುಸುರಿ ಸಾಮಾನುಗಳನ್ನೆಲ್ಲ ಗಾಜಿನ ಬೀರುಗಳಲ್ಲಿಟ್ಟು ಮ್ಯೂಸಿಯಂ ಮಾಡಿದ್ದರು. ಆ ಮೇಷ್ಟ್ರು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದಿದ್ದರು. ಬಿಡುವಿನ ಹೊತ್ತಿನಲ್ಲಿ ಅವಲಕ್ಕಿ ತಿನ್ನುತ್ತ ಹೇಳಿದರು:

"ಅಲ್ಲೊಂದು ಹೂಜಿ ಐತ್ರಿ, ಬಿದರಿ ಕೆಲಸದ್ದು. ಯಾವನೋ ಕಲಾಯಿ ಸಾಬಿ ಕಪ್ಪೆಲ್ಲ ಮಸಿ ಅಂದ್ಕಂಡು ತಿಕ್ಕಿ ತಿಕ್ಕಿ ಬೋಳು ಮಾಡಿ ಇಟ್ಟಾನೆ! ಹಂಗಂತ ಚೀಟಿ ಬರೆದು ಅಂಟಿಸ್ಯಾರೆ. ಹುಡುಗ್ರು ನಕ್ಕಿದ್ದೇ ನಕ್ಕಿದ್ದು."

ನಾನೂ ನಕ್ಕೆ. ನನ್ನ ತಂದೆ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಪಾತ್ರೆ ವ್ಯಾಪಾರ ಎಂದು ಹೇಳಿಕೊಂಡು ಬಂದಿದ್ದೆ. ಅವರು ಕಲಾಯಿ ಹಾಕುತ್ತಿದ್ದರು. ಆ ಚೀಟಿಯಲ್ಲಿದ್ದ ಕಲಾಯಿಗಾರ ಅವರೇ. ಆದರೆ ಹೂಜಿಯನ್ನು ತಿಕ್ಕಿದವನು ನಾನು.

ನಮ್ಮ ಊರು ಚನ್ನಗಿರಿ. ಮನೆಯೊಳಗೆ ನಮ್ಮದು ಉರ್ದು, ಬೀದಿಗೆ ಬಂದರೆ ಕನ್ನಡ. ಅಬ್ಬಾ ಕಸುಬಿನ ಮಾತನ್ನು ನನ್ನೊಡನೆಯೂ ಕನ್ನಡದಲ್ಲೇ ಆಡುತ್ತಿದ್ದರು, ಯಾಕೆಂದರೆ ಕಸುಬು ಬೀದಿಯದು. ಉಬ್ರಾಣಿ, ಬಸವಾಪಟ್ಟಣ, ಸಾಸ್ವೆಹಳ್ಳಿ ಹೀಗೆ ಸುತ್ತುತ್ತ, ಊರ ಮಧ್ಯದ ಕಟ್ಟೆಯ ಬಳಿ ನೆಲದಲ್ಲಿ ಗುಂಡಿ ತೋಡಿ, ಗಾಳಿ ಊದುವ ತಿದಿ ಹೂಡಿ ಇದ್ದಿಲು ಹೊತ್ತಿಸಿ ಕೂತರೆ ಹೆಂಗಸರು ತಾಮ್ರದ ಪಾತ್ರೆಗಳನ್ನು ತಂದು ಸುರಿಯುತ್ತಿದ್ದರು. ದೊಡ್ಡ ಹಂಡೆಯಾದರೆ ಅಬ್ಬಾ ಅದರೊಳಗೆ ಮರಳು ಹಾಕಿ, ಬರಿಗಾಲಲ್ಲಿ ಇಳಿದು, ಗೋಡೆ ಹಿಡಿದುಕೊಂಡು ಸೊಂಟವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ ತಿಕ್ಕುತ್ತಿದ್ದರು. ನೋಡುವವರಿಗೆ ಅದೊಂದು ತಮಾಷೆ. ಆಮೇಲೆ ಪಾತ್ರೆ ಕಾಸಿ, ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆಯೇ ತವರ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಗಸರು ಪಾತ್ರೆ ಬಿಸಿಲಿಗೆ ಹಿಡಿದು ಎಲ್ಲಾದರೂ ಕಪ್ಪು ಉಳಿದಿದೆಯೇ ಎಂದು ಹುಡುಕುತ್ತಿದ್ದರು. ಸಾಸಿವೆಯಷ್ಟು ಉಳಿದಿದ್ದರೂ ಮತ್ತೆ ತಿಕ್ಕಬೇಕು. ಹಾಗಾಗಿ ಕಪ್ಪು ಕಂಡರೆ ತಿಕ್ಕಬೇಕು ಅನ್ನುವುದು ನಮ್ಮ ಕೈಗೇ ಹತ್ತಿಬಿಟ್ಟಿತ್ತು.

ಅರಮನೆಯನ್ನು ಮ್ಯೂಸಿಯಂ ಮಾಡುವುದೆಂದು ಗೊತ್ತಾದ ವರ್ಷ ಅಲ್ಲಿಯ ಪಾರುಪತ್ಯಗಾರರು ಅಬ್ಬಾನನ್ನು ಕರೆಸಿದರು. ಅಡುಗೆಮನೆಯ ಕೊಪ್ಪರಿಗೆ, ಗಂಗಾಳ, ತಂಬಿಗೆಗಳನ್ನೆಲ್ಲ ಬೆಳಗಿ ಕಲಾಯಿ ಹಾಕುವ ಕೆಲಸ. ಆಗ ನನಗೆ ಹತ್ತೊಂಬತ್ತು. ಲೋಯರ್ ಸೆಕೆಂಡರಿ ಪಾಸಾಗಿ ಮನೆಯಲ್ಲಿದ್ದೆ. ಕಸುಬಿಗೆ ಕೈ ಹಾಕಲು ನಾಚಿಕೆ, ಬೇರೆ ಕೆಲಸ ಯಾರೂ ಕೊಡುವವರಿಲ್ಲ. ಅಬ್ಬಾ ನನ್ನನ್ನು ಜೊತೆಗೆ ಕರೆದೊಯ್ದದ್ದಕ್ಕೆ ಕಾರಣ ಬೇರೆಯೇ ಇತ್ತು. ಪಾರುಪತ್ಯಗಾರರಿಗೆ ಮೇಲಿನವರ ಪರಿಚಯ ಚೆನ್ನಾಗಿತ್ತು. ಮೇಷ್ಟ್ರ ಟ್ರೈನಿಂಗಿಗೆ ಅವರದೊಂದು ಶಿಫಾರಸು ಪತ್ರ ಸಿಕ್ಕರೆ ಕೆಲಸವಾಗುತ್ತಿತ್ತು. ಮೂರನೇ ದಿನ ಅಬ್ಬಾ ಕೈಮುಗಿದು ಕೇಳಿದರು. ಅವರು ನನ್ನಿಂದ ನಾಲ್ಕು ಸಾಲು ಓದಿಸಿ, ನಾಲ್ಕು ಸಾಲು ಬರೆಸಿ ನೋಡಿ, "ಹೋಗುವ ದಿನ ಕೊಡುತ್ತೇನೆ" ಎಂದರು.

ಹೊಳೆಗೆ ಇಳಿಯುವ ಮೆಟ್ಟಿಲ ಪಕ್ಕದ ಹಿತ್ತಲಲ್ಲಿ ನಮ್ಮ ಒಲೆ. ಎಂಟನೇ ದಿನ, ಒಂದು ಶುಕ್ರವಾರ, ಆಳುಗಳು ಒಂದು ಬುಟ್ಟಿ ಸಾಮಾನು ತಂದಿಟ್ಟು ಹೋದರು. ಅದರಲ್ಲಿ ಎರಡು ಹೂಜಿ. ಮೈಯೆಲ್ಲ ಕಪ್ಪು, ಧೂಳು ಬೇರೆ. ಅಬ್ಬಾ ಒಂದನ್ನೆತ್ತಿ ಬೆರಳಿನಿಂದ ಹೊಡೆದು ಕಿವಿಗೆ ಹಿಡಿದರು. ತಾಮ್ರ ಠಣ್ ಅನ್ನುತ್ತದೆ, ಇದು ಅನ್ನಲಿಲ್ಲ. ಮೂಸಿ ನೋಡಿದರು. ಎರಡನ್ನೂ ಬೇರೆ ಗೋಣಿಚೀಲದ ಮೇಲಿಟ್ಟರು.

"ಇದು ನಾನು ಕಂಡ ಮಾಲಲ್ಲ. ಕೇಳಿ ಮಾಡಾನ. ಅಲ್ಲೀಮಟ ಮುಟ್ಟಬ್ಯಾಡ" ಎಂದು ಹೇಳಿ, ಕೈಕಾಲು ತೊಳೆದು, ಟೋಪಿ ಹಾಕಿಕೊಂಡು ನಮಾಜಿಗೆ ಹೊರಟುಹೋದರು.

ನಾನು ಯಾಕೆ ಮುಟ್ಟಿದೆ? ಬೇಗ ಮುಗಿಸಿ, ಪತ್ರ ಇಸಿದುಕೊಂಡು, ಆ ಮಸಿಯಿಂದ ಎದ್ದು ಹೋದರೆ ಸಾಕಾಗಿತ್ತು. ಅದಕ್ಕಿಂತ ಮುಖ್ಯ ಕಾರಣವೆಂದರೆ, ಓದಿದ ನನಗೆ ಓದದ ಅಬ್ಬಾ ಮುಟ್ಟಬೇಡ ಎಂದು ಹೇಳಿದ್ದು ಸಿಟ್ಟು ತರಿಸಿತು. ಅಷ್ಟೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತೆಗೆದುಕೊಂಡು ಒಂದು ಹೂಜಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಧೂಳು ಹೋಗುತ್ತಿದ್ದಂತೆ ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ ಕಂಡಿತು. ಸಣ್ಣ ಎಲೆ, ಸಣ್ಣ ಹೂವು. ಇಷ್ಟು ಚಂದದ್ದು ಮಸಿಯಲ್ಲಿ ಮುಚ್ಚಿಹೋಗಿತ್ತಲ್ಲ ಎಂದು ಉಬ್ಬಿ ಇನ್ನೂ ಜೋರಾಗಿ ತಿಕ್ಕಿದೆ. ಕಪ್ಪು ಬಿಟ್ಟಿತು. ಅಡಿಯಿಂದ ಬೂದು ಬಿಳಿಯ ಲೋಹ ಎದ್ದು ಬಂತು. ಜೊತೆಗೇ ಬಳ್ಳಿಯೂ ಮಾಯವಾಯಿತು. ಬೆಳ್ಳಿ ಅಲ್ಲೇ ಇತ್ತು, ಬಿಳಿಯ ಮೇಲೆ ಬಿಳಿ ಕಾಣುತ್ತಿರಲಿಲ್ಲ. ಬಿದರಿ ಕೆಲಸಕ್ಕೆ ಆ ಕಪ್ಪೇ ಪ್ರಾಣ ಎಂದು ನನಗೆ ಯಾರು ಹೇಳಿದ್ದರು? ಆದರೂ ಏನೋ ಕೆಟ್ಟದ್ದು ಆಗಿಹೋಯಿತು ಎಂದು ಆಗಲೇ ಗೊತ್ತಾಯಿತು.

ಅಬ್ಬಾ ಬಂದು ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಹೂಜಿಗೆ ಬಳಿದರು, ಒರೆಸಿದರು, ಮತ್ತೆ ಬಳಿದರು. ಬೆರಳಿಗೆ ಹತ್ತಿತೇ ಹೊರತು ಹೂಜಿಗೆ ಹತ್ತಲಿಲ್ಲ. ಹೊತ್ತು ಮುಳುಗುವವರೆಗೂ ಅದೇ ಮಾಡಿದರು.

ಮರುದಿನ ಬೆಳಿಗ್ಗೆ ಪಾರುಪತ್ಯಗಾರರು ಬಂದರು. ಹೂಜಿ ನೋಡಿ ಕಿಡಿಕಿಡಿಯಾದರು. "ಯಾರು ಇದನ್ನು ತಿಕ್ಕಿದ್ದು?" ಎಂದರು.

"ನಾನೇ ಸ್ವಾಮಿ. ಗೊತ್ತಾಗಲಿಲ್ಲ" ಎಂದರು ಅಬ್ಬಾ.

ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆಗೆಯಲಿಲ್ಲ. ಪಾರುಪತ್ಯಗಾರರು ಅಬ್ಬಾನನ್ನು ಆಳುಗಳ ಎದುರಿಗೆ ಬಾಯಿಗೆ ಬಂದಂತೆ ಬೈದು, ಸಾಮಾನು ಕಟ್ಟಿಕೊಂಡು ಹೊರಡು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನಾದರೂ ಈ ಕಸುಬು ಬಿಟ್ಟು ಬದುಕಿಕೋ" ಎಂದು ಪತ್ರ ಬರೆದು ಕೊಟ್ಟರು. ಆ ಪತ್ರ ನನ್ನ ಕೈ ಸೇರಲಿ ಅಂತಲೇ ಅಬ್ಬಾ ತಪ್ಪು ಹೊತ್ತದ್ದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಬಸವಾಪಟ್ಟಣದ ದಾರಿಯಲ್ಲಿ ಅವರು ತಿದಿ ಹೊತ್ತುಕೊಂಡು ಮುಂದೆ, ನಾನು ಪತ್ರ ಹಿಡಿದುಕೊಂಡು ಹಿಂದೆ. ಚನ್ನಗಿರಿ ಮುಟ್ಟುವವರೆಗೂ ಆ ವಿಷಯ ಆಡಲಿಲ್ಲ. ಆಮೇಲೂ ಯಾವತ್ತೂ ಆಡಲಿಲ್ಲ.

ಸುದ್ದಿ ನಮಗಿಂತ ಮುಂಚೆ ಊರೂರು ಸೇರಿತ್ತು. ಉಬ್ರಾಣಿಯಲ್ಲಿ ಹೆಂಗಸರು ಪಾತ್ರೆ ಕೊಡುವಾಗ, "ನೋಡ್ಕಂಡು ತಿಕ್ಕ್ರಿ ಸಾಬ್ರೇ, ತಳಾನೇ ಹೋಗಿಬಿಟ್ಟಾತು" ಎಂದು ನಗುತ್ತಿದ್ದರಂತೆ. ಅಬ್ಬಾ ಕೂಡ ನಗುತ್ತಿದ್ದರಂತೆ. ಇದು ನನಗೆ ಅಮ್ಮ ಹೇಳಿದ್ದು. ನಾನು ಅಷ್ಟರಲ್ಲಿ ಟ್ರೈನಿಂಗು ಮುಗಿಸಿ ಜಗಳೂರಿಗೆ ಹೋಗಿದ್ದೆ. ರಜಾ ಬಂದರೂ ಊರಿಗೆ ಬರುವುದು ಕಡಿಮೆ ಮಾಡಿದೆ. ಅಬ್ಬಾನ ಮುಖ ನೋಡುವುದು ನನಗೆ ಆಗುತ್ತಿರಲಿಲ್ಲ, ಅಷ್ಟೇ ವಿಷಯ. ಅಮ್ಮ ಹೋದಳು. ಯುದ್ಧ ಬಂದು ತವರ ಸಿಗುವುದು ನಿಂತಿತು. ಅಬ್ಬಾ ತಿದಿಯನ್ನು ಗೋಡೆಗೆ ನೇತುಹಾಕಿ ಒಬ್ಬರೇ ಕೂತರು. ನಾನು ಜಗಳೂರಿನಲ್ಲಿ ಒಬ್ಬನೇ, ಅವರು ಚನ್ನಗಿರಿಯಲ್ಲಿ ಒಬ್ಬರೇ. ಜೊತೆಗಿರಬಹುದಾಗಿತ್ತು. ಅವರು ತೀರಿಕೊಂಡ ತಂತಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಅದಾದ ಮೂರು ತಿಂಗಳಿಗೆ ನ್ಯಾಮತಿಗೆ ವರ್ಗವಾಯಿತು. ಚೀಟಿಯ ಸುದ್ದಿ ಕೇಳಿದ್ದು ಅಲ್ಲಿ, ಒಂದು ವರ್ಷ ಕಳೆದ ಮೇಲೆ. ಬದುಕಿದ್ದಾಗ ಆಡದ ಮಾತನ್ನು ಸತ್ತ ಮೇಲಾದರೂ ಆಡೋಣ ಎಂದು ಅರ್ಜಿ ಬರೆದೆ. ಕಲಾಯಿಗಾರ ಎಂದಿರುವಲ್ಲಿ ಕಲಾಯಿಗಾರನ ಮಗ ಎಂದು ತಿದ್ದಿಸಬೇಕು, ತಂದೆ ಮುಟ್ಟಬೇಡ ಎಂದಿದ್ದರು, ಕೆಡಿಸಿದವನು ಈ ಕೆಳಗೆ ಸಹಿ ಮಾಡಿರುವ ನಾನು. ಅದರಿಂದ ನನ್ನ ನೌಕರಿಗೆ ಏನಾದೀತೋ ಎಂದು ಒಂದು ಗಳಿಗೆ ಯೋಚಿಸಿದ್ದೂ ನಿಜ. ಆ ಯೋಚನೆ ಬಂದದ್ದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಯಿತು.

ಅರಮನೆಯ ಬಾಗಿಲಲ್ಲಿ ಒಬ್ಬ ಮುದುಕ ಕಾವಲುಗಾರ ಖಾಕಿ ಕೋಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಪುಸ್ತಕದಲ್ಲಿ ಹೆಸರು, ಊರು, ಉದ್ಯೋಗ ಬರೆಯಿರಿ ಎಂದ. ಬರೆದೆ. ಮೇಲ್ವಿಚಾರಕರು ಭಾನುವಾರ ಇರುವುದಿಲ್ಲವಂತೆ, ಅರ್ಜಿಯಿದ್ದರೆ ತನ್ನ ಕೈಯಲ್ಲಿ ಕೊಡಬಹುದಂತೆ. ಮೊದಲು ನೋಡುತ್ತೇನೆ ಎಂದು ಒಳಗೆ ನಡೆದೆ.

ಬೇರೆ ಯಾರೂ ಇರಲಿಲ್ಲ. ಕೆತ್ತಿದ ಮರದ ಕಂಬಗಳ ದೊಡ್ಡ ಹಜಾರ, ನನ್ನ ಮೆಟ್ಟಿನ ಸದ್ದು ನನಗೇ ಕೇಳುತ್ತಿತ್ತು. ಹಿಂದೆ ಎಂಟು ದಿನ ಹಿತ್ತಲಲ್ಲಿ ಕೆಲಸ ಮಾಡಿದ್ದರೂ ಹಜಾರದೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಗ ನಮ್ಮನ್ನು ಯಾರು ಒಳಗೆ ಬಿಡಬೇಕು? ದಂತದ ಹೂವು ಕೂರಿಸಿದ ಬೀಟೆಯ ಪೆಟ್ಟಿಗೆ, ಗಂಧದ ಕರಡಿಗೆ, ಗಂಜೀಫಾ ಆಟದ ಎಲೆಗಳು, ಜರತಾರಿ ಸೀರೆ, ಹಿತ್ತಾಳೆಯ ಕುದುರೆಗಳು, ಬಟ್ಟೆ ಸುತ್ತಿ ನೇತುಹಾಕಿದ್ದ ಗಾಜಿನ ಗುಂಡುದೀಪ. ರಾಣೀವಾಸದ ಕಲ್ಲಿನ ಜಾಲಂಧ್ರದಿಂದ ಹೊಳೆ ಚೂರುಚೂರಾಗಿ ಕಾಣುತ್ತಿತ್ತು. ಒಂದೊಂದರ ಕೆಳಗೂ ಅಚ್ಚುಕಟ್ಟಾದ ಚೀಟಿ. ದಂತದ ಕೆಲಸ, ಮೈಸೂರು. ಗಂಧದ ಕೆಲಸ, ಸೊರಬ. ಅರಮನೆ ಕಟ್ಟಿಸಿದ ದೊರೆಯ ಹೆಸರಿತ್ತು, ಕಾಣಿಕೆ ಕೊಟ್ಟವರ ಹೆಸರಿತ್ತು. ಮಾಡಿದವರು ಯಾರೆಂದು ಎಲ್ಲೂ ಇರಲಿಲ್ಲ. ಬಡಗಿ ಎಂಬ ಶಬ್ದ ಕೂಡ ಇಲ್ಲ, ನೇಕಾರ ಎಂದೂ ಇಲ್ಲ. ನಾನು ಪಾಠ ತಿದ್ದುವ ಮೇಷ್ಟ್ರಂತೆ ಎಲ್ಲ ಕೋಣೆಯ ಎಲ್ಲ ಚೀಟಿ ಓದಿದೆ.

ಕೊನೆಯ ಕೋಣೆಯ ಬೀರುವಿನಲ್ಲಿ ಎರಡೂ ಹೂಜಿ ಪಕ್ಕಪಕ್ಕ ಇದ್ದವು. ಒಂದು ಕಪ್ಪಗೆ, ಬಳ್ಳಿ ಎದ್ದು ಕಾಣುತ್ತಿತ್ತು. ಇನ್ನೊಂದು ಬೋಳು. ಕೆಳಗೆ ದುಂಡಗಿನ ಅಕ್ಷರದಲ್ಲಿ: "ಬಿದರಿ ಹೂಜಿ. ಒಬ್ಬ ಕಲಾಯಿಗಾರನ ಅಜ್ಞಾನದಿಂದ ಇದರ ಕಪ್ಪು ಅಳಿದುಹೋಗಿದೆ. ಹೋಲಿಕೆಗಾಗಿ ಇಡಲಾಗಿದೆ." ಇಡೀ ಅರಮನೆಯಲ್ಲಿ ಕೈಯಿಂದ ಕೆಲಸ ಮಾಡಿದ ಮನುಷ್ಯ ಅಂತ ಚೀಟಿಯಲ್ಲಿ ಇದ್ದವರು ನನ್ನ ಅಬ್ಬಾ ಒಬ್ಬರೇ, ಅದೂ ಕೆಡಿಸಿದವರಾಗಿ. ನನಗೆ ಅಳು ಬಂತು. ಗಾಜಿಗೆ ಹಣೆ ಇಟ್ಟುಕೊಂಡು ನಿಂತೆ.

ಎಷ್ಟು ಹೊತ್ತಾಯಿತೋ, ಕಾವಲುಗಾರ ಹಿಂದೆ ಬಂದು ನಿಂತಿದ್ದ.

"ಒಳ್ಳೇದು ಪಕ್ಕದಾಗೈತಲ್ರಿ ಮೇಷ್ಟ್ರೇ. ಎಲ್ರೂ ಅದನ್ನ ನೋಡ್ತಾರೆ. ನೀವು ಕೆಟ್ಟಿದ್ದೇ ನೋಡ್ತೀರಲ್ಲ. ನಿಮ್ಮಂಗೇ ಇನ್ನೊಬ್ರು ನೋಡಾಕೆ ಬರೋರು."

"ಯಾರು?"

"ಅದನ್ನ ಕೆಡಿಸಿದ ಸಾಬ್ರೇ. ಚನ್ನಗಿರಿಯೋರು. ಮೊಹರಂ ಮುಗಿದ ಮ್ಯಾಲೆ ವರ್ಷಕ್ಕೊಂದು ಸಲ ನಡಕಂಡು ಬರೋರು. ಎರಡು ವರ್ಷಾತು, ಬಂದಿಲ್ಲ."

ನಾನು ಅವನ ಕಡೆ ತಿರುಗಿದೆ. "ಅವರು ಬಂದು ಏನು ಮಾಡುತ್ತಿದ್ದರು?"

"ಏನೂ ಇಲ್ರಿ. ಚೀಟಿ ಓದ್ರಿ ಅನ್ನೋರು. ನಂಗೂ ಅಕ್ಷರ ಅಷ್ಟಕ್ಕಷ್ಟೇ, ಕೂಡಿಸ್ಕಂಡು ಓದಿ ಹೇಳ್ತಿದ್ದೆ. ಪೂರ್ತಿ ಕೇಳಿ, 'ಅದರಾಗೆ ನನ್ನ ಮಗನ ಸುದ್ದಿ ಏನಾರ ಐತೇನ್ರಿ?' ಅನ್ನೋರು. ಇಲ್ಲ ಸಾಬ್ರೇ, ಕಲಾಯಿಗಾರ ಅಂತ ಅಷ್ಟೇ ಐತೆ ಅಂದ್ರೆ, 'ಹಂಗಾರೆ ಇರ್ಲಿ ಬಿಡ್ರಿ' ಅಂದು, ಹೊಳ್ಯಾಗೆ ಮುಖ ತೊಳಕಂಡು ಹೋಗೋರು. ಪ್ರತಿ ವರ್ಷ ಇದೇ ಮಾತು. ಎಲ್ಲಾದ್ರೂ ಬದಲು ಮಾಡ್ಯಾರೇನೋ ಅಂತ ಅವರಿಗೆ ಹೆದರಿಕೆ."

"ಆ ಮಗ ನಾನೇ" ಎಂದೆ. "ತಿಕ್ಕಿದವನೂ ನಾನೇ."

ಕಾವಲುಗಾರನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತೈತ್ರಿ. ಆ ಬುಟ್ಟಿ ತಂದಿಟ್ಟೋನು ನಾನೇ ಅಲ್ವೇನ್ರಿ. ಮಹಡಿ ಮ್ಯಾಲಿಂದ ನೀವು ತಿಕ್ಕಾದು ನೋಡಿದ್ದೆ. ನಾನು ಕಂಡಿದ್ದು ಗೊತ್ತಾಗಿ ನಿಮ್ಮಪ್ಪಾರು ಅವತ್ತು ಸಂಜಿ ಬಂದು ನನ್ನ ಕೈ ಹಿಡಕಂಡ್ರು, ಯಾರಿಗೂ ಹೇಳಬ್ಯಾಡ್ರಿ, ಹುಡುಗನ ಬದುಕು ಐತೆ ಅಂತ. ನಾನ್ಯಾಕೆ ಹೇಳ್ಲಿ? ಇವತ್ತಿನಮಟ ಹೇಳಿಲ್ಲ."

ಆಮೇಲೆ ನಾನು ಅರ್ಜಿ ತೆಗೆದು ಕೊಟ್ಟೆ. ಅದರಲ್ಲಿ ಏನಿದೆ ಎಂದು ಕೇಳಿದ. ಹೇಳಿದೆ.

"ಅವರು ಬ್ಯಾಡ ಅಂದಿದ್ರಲ್ರಿ" ಎಂದ.

"ಅವರು ಹೋಗಿಬಿಟ್ಟರು" ಎಂದೆ. "ಇನ್ನು ನನ್ನ ಬದುಕಿಗೆ ಏನಾದರೂ ಆಗಲಿ, ಇದು ಸರಿಯಾಗಬೇಕು."

ಅವನು ತಲೆ ಅಲ್ಲಾಡಿಸಿದ. ಒಪ್ಪಿದ್ದೋ, ಒಪ್ಪದೆ ಇದ್ದದ್ದೋ ತಿಳಿಯಲಿಲ್ಲ. ಕಾಗದವನ್ನು ಕೋಟಿನೊಳಗಿಟ್ಟುಕೊಂಡ. ನಾನು ಹೊಳೆಯ ದಂಡೆಯಲ್ಲಿ ಹೊನ್ನಾಳಿಗೆ ನಡೆದೆ. ಬಹಳ ವರ್ಷಗಳ ಮೇಲೆ ಅಬ್ಬಾನ ಜೊತೆ ಮಾತಾಡಿ ಬಂದಂತೆ ಹಗುರವಾಗಿತ್ತು. ಸೋಮವಾರ ಶಾಲೆಯಲ್ಲಿ ಜೊತೆಯ ಮೇಷ್ಟ್ರನ್ನು ಕರೆದು, ಆ ಕಲಾಯಿ ಸಾಬಿ ನನ್ನ ತಂದೆ, ಕೆಡಿಸಿದವನು ನಾನು ಎಂದು ಹೇಳಿದೆ. ಅವರು ಪಾಪ, ಬಿಳಿಚಿಕೊಂಡರು. ನನ್ನ ನೌಕರಿಗೇನೂ ಆಗಲಿಲ್ಲ.

ಅರ್ಜಿಗೆ ಉತ್ತರ ಬರಲಿಲ್ಲ. ನಾಲ್ಕು ತಿಂಗಳು ಕಾದು, ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಬಾಗಿಲಲ್ಲಿ ಅದೇ ಕಾವಲುಗಾರ. ನನ್ನನ್ನು ನೋಡಿ ಎದ್ದು ನಿಂತ, ಆದರೆ ಜೊತೆಗೆ ಒಳಗೆ ಬರಲಿಲ್ಲ.

ಕೊನೆಯ ಕೋಣೆಯ ಬೀರುವಿನಲ್ಲಿ ಒಂದೇ ಹೂಜಿ ಇತ್ತು, ಕಪ್ಪಗಿನದು. ಅದನ್ನು ನಡುಮಧ್ಯಕ್ಕೆ ಸರಿಸಿದ್ದರು. ಹೊಸ ಚೀಟಿ: "ಬಿದರಿ ಹೂಜಿ. ಬೆಳ್ಳಿಯ ಬಳ್ಳಿ ಕೆಲಸ." ಅಷ್ಟೇ.

ಹೊರಗೆ ಬಂದು ಕೇಳಿದೆ. ಕಾವಲುಗಾರ ನೆಲ ನೋಡುತ್ತ ಹೇಳಿದ: "ಯಾರು ಕೆಡಿಸಿದ್ರು ಅಂತ ವಿಚಾರಣೆ ಮಾಡಾಕೆ ನಮಗೆ ಪುರಸತ್ತಿಲ್ಲ, ಇದ್ಯಾಕೆ ಇಲ್ಲದ ತಕರಾರು ಅಂದ್ರು ಮೇಲ್ವಿಚಾರಕ್ರು. ಹೂಜಿ ಉಗ್ರಾಣಕ್ಕೆ ಹೋತ್ರಿ. ಚೀಟಿ ಹರಿದು ಹಾಕಿದ್ರು. ಚೂರು ಆಯ್ಕಳಾನ ಅಂದ್ಕಂಡೆ, ಅಷ್ಟ್ರಾಗೆ ಗುಡಿಸಿಬಿಟ್ಟಿದ್ರು."

ಅಬ್ಬಾನ ಫೋಟೋ ನಮ್ಮಲ್ಲಿಲ್ಲ. ಅವರ ಕೈಬರಹವೂ ಇಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಹಾಕಿದ ಕಲಾಯಿ ಎಲ್ಲ ಮನೆಗಳಲ್ಲೂ ಅಷ್ಟು ಹೊತ್ತಿಗೆ ಸವೆದುಹೋಗಿತ್ತು. ಅವರ ವಿಷಯ ಯಾರೋ ಬರೆದಿಟ್ಟಿದ್ದ ಕಾಗದ ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ. ಅದನ್ನೂ ನಾನೇ ಅಳಿಸಿ ಬಂದೆ.